ಕರ್ಚೀಫಿನ ತುದಿ

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ, ಕಾಫಿಗೆ ಮೊದಲು,
ಕರ್ಚೀಫಿನ ತುದಿಗೆ ಒಂದು ಗಂಟು.
ದಿನದೊಳಗೆ ಯಾರಿಗಾದರೂ ಒಂದು ಉಪಕಾರ,
ಆಮೇಲೆ ಬಿಚ್ಚು.
ಕಾನೂನು ಇಷ್ಟೇ.
ಮಾಡಿದವರು ಲಿಂಗರಾಜೇ ಅರಸ್ ಮೇಷ್ಟ್ರು,
ಲಿಂಗಾಂಬುಧಿ ಕೆರೆಯ ಏರಿಯ ಮೇಲೆ.
ನನಗಾಗ ಹನ್ನೆರಡು, ಖಾಕಿ ಚಡ್ಡಿಗೆ ಒಂದು ಗುಂಡಿ ಕಡಿಮೆ.

ಸ್ಕಾರ್ಫ್ ಹೋಯಿತು. ವಿಸಲ್ಲಿನ ದಾರ ಹೋಯಿತು.
ಈಗ ಐವತ್ತಮೂರು. ಗಂಟು ಮಾತ್ರ ಉಳಿದಿದೆ.
"ಇದೇನ್ರೀ, ಹೆಸರುಕಾಳು ಮೊಳಕೆಗೆ ಕಟ್ಟಿದ್ದೀರಾ?"
ವಾಷಿಂಗ್ ಮೆಷಿನ್ನಿಗೆ ಹಾಕುತ್ತಾ ಸುಗುಣಾ ನಗುತ್ತಾಳೆ.
ಹಾಗೇ ಒಗೆಸಿಕೊಂಡ ಗಂಟುಗಳೆಷ್ಟೋ.
ಸುಳ್ಳೇಕೆ, ಸಿಟಿ ಬಸ್ಸಿನಲ್ಲಿ ಬಿಟ್ಟುಕೊಟ್ಟ ಒಂದೇ ಸೀಟನ್ನು
ಎರಡು ದಿನದ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ.
ಇಳಿಯುವ ಸ್ಟಾಪು ಬಂದಾಗ ಎದ್ದದ್ದನ್ನೂ.

ಮೇಷ್ಟ್ರು ಹೇಳುತ್ತಿದ್ದರು, ಒದ್ದೆ ಹಗ್ಗ ಹಿಡಿದು:
ಬಿಗಿದಾಗ ಜಾರಬಾರದು,
ಬೇಕೆಂದಾಗ ಬಿಚ್ಚಿಕೊಳ್ಳಬೇಕು.
ಅದು ಗಂಟು.
ಮಿಕ್ಕದ್ದು ಸಿಕ್ಕು.

ನನ್ನ ಕೆಲಸ ಪಾಲಿಕೆಯ ವಲಯ ಕಚೇರಿಯಲ್ಲಿ,
ಜನನ ಮರಣ ಕೌಂಟರು, ಎರಡಕ್ಕೂ ಒಂದೇ ಕಿಂಡಿ.
ಆ ಸೋಮವಾರ ಐದೂಕಾಲಿಗೆ ಕೆಂಪಾಜಮ್ಮ ಬಂದಳು.
ಗಂಡನ ಮರಣ ಪತ್ರ. ಹೆಸರು ಮರಿಸಿದ್ದ.
ನಮ್ಮವರು ಒಂದು ದೀರ್ಘ ಎಳೆದು
ಮಾರಿಸಿದ್ದ ಮಾಡಿಟ್ಟಿದ್ದರು.
"ಅವ್ರು ಏನೂವೆ ಮಾರಿಸ್ನಿಲ್ಲ ಕಣ್ ಸಾಮಿ,
ಮಾರ್ಸಕ್ಕೆ ಇದ್ದುದ್ದಾದ್ರೂ ಏನು?
ಪಿಂಚಣಿಯೋರು ಒಪ್ತಾ ಇಲ್ಲ."
ನಗು ಬಂತು. ಬಂದದ್ದು ನಿಜ.
ಬ್ಯಾಗಿನ ಜಿಪ್ಪು ಎಳೆದಾಗಿತ್ತು.
"ಸರ್ವರ್ ಡೌನ್" ಅಂದೆ.

ಸರ್ವರ್ ಚೆನ್ನಾಗಿತ್ತು.
ಯಾರಪ್ಪನ ಗಂಟು ಹೋಗುತ್ತಿತ್ತು,
ಇನ್ನು ಮೂರು ನಿಮಿಷ ಕೂತಿದ್ದರೆ?
ಅವಳು ಬೈದಿದ್ದರೆ ಸರಿಹೋಗುತ್ತಿತ್ತು.
"ಪಾಪ, ನೀವೇನ್ ಮಾಡೀರಿ" ಅಂದಳು.
ನಂಬಿಬಿಟ್ಟಳು.

ಸ್ಕೌಟು ನಂಬಿಕೆಗೆ ಅರ್ಹ. ಮೊದಲನೇ ನಿಯಮ.
ಮೂರು ಬೆರಳೆತ್ತಿ, ಹೆಬ್ಬೆರಳಿಂದ ಕಿರುಬೆರಳನ್ನು ಅದುಮಿ
ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು,
ಸಂಜೆಯ ಕಡಲೆಪುರಿಯ ಮೇಲೇ ಕಣ್ಣು.
ಅದು ಹೀಗೆ ಹವಾಯಿ ಚಪ್ಪಲಿ ಹಾಕಿಕೊಂಡು
ಕಿಂಡಿಗೆ ಬಂದು ನಿಲ್ಲುತ್ತದೆಂದು
ಯಾರೂ ಹೇಳಿರಲಿಲ್ಲ.

ಮಂಗಳವಾರ ಮೊದಲ ಕೆಲಸ ಅದೇ.
ದೀರ್ಘ ತೆಗೆದೆ. ಸಾಹೇಬರ ಸಹಿ, ಮೊಹರು.
ಡ್ರಾಯರಿನಲ್ಲಿಟ್ಟು ಸಿದ್ಧವಾಗಿದ್ದೆ.
ಅವಳು ಬರಲಿಲ್ಲ. ಬುಧವಾರವೂ.
ಫಾರಮ್ಮಿನಲ್ಲಿದ್ದ ನಂಬರಿಗೆ ಫೋನು ಮಾಡಿದರೆ
ಅದು ಮರಿಸಿದ್ದನದೇ, ಚಾಲ್ತಿಯಲ್ಲಿಲ್ಲ.

ಹನ್ನೊಂದನೇ ದಿನ ಬಂದಳು, ಕಾಲಿಗೆ ಬಟ್ಟೆ ಸುತ್ತಿಕೊಂಡು.
ಕಾಗದ ಕೊಟ್ಟೆ. ತಿರುಗಿಸಿ ನೋಡಿ,
ಓದು ಬಾರದ ಕಣ್ಣಿಗೆ ಒತ್ತಿಕೊಂಡು,
ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು.
ನಾಲ್ಕು ಮಡಿಕೆಯ ಐವತ್ತು.
"ಕಟ್ಕೊಳ್ಳಿ" ಅಂದೆ. ದನಿ ಯಾಕೋ ಗದರಿದಂತಾಯಿತು.
"ಕಮ್ಮಿ ಆಯ್ತಾ ಸಾಮಿ?"
ಅಯ್ಯೋ.
"ಅವತ್ತು ಸರ್ವರ್ ಚೆನ್ನಾಗಿತ್ತಮ್ಮ" ಅಂದುಬಿಟ್ಟೆ.
ಅವಳಿಗೆ ಅರ್ಥವಾಯಿತೋ ಇಲ್ಲವೋ,
ಸ್ವಲ್ಪ ಹೊತ್ತು ನನ್ನನ್ನೇ ನೋಡಿ
ನೋಟನ್ನು ಮತ್ತೆ ಸೆರಗಿಗೆ ಸೇರಿಸಿದಳು.
ಎರಡು ಸುತ್ತು, ಹಲ್ಲಲ್ಲಿ ಕಚ್ಚಿ ಒಂದು ಎಳೆತ.
ಮೇಷ್ಟ್ರು ನೋಡಿದ್ದರೆ ಬ್ಯಾಡ್ಜು ಕೊಡುತ್ತಿದ್ದರು.

ಈಗ ಏಳೂವರೆ. ಸಿಟಿ ಬಸ್ ಸ್ಟ್ಯಾಂಡು.
ಜೇಬಿನಲ್ಲಿ ಗಂಟು ಬೆರಳಿಗೆ ಸಿಗುತ್ತಿದೆ.
ಬಿಚ್ಚೋಣವೆಂದರೆ
ಕೆರೆ ಏರಿಯಿಂದ ಅದೇ ಒಡಕು ಗಂಟಲು:
"ಸಂಬಳಕ್ಕೆ ಮಾಡಿದ್ದು ಲೆಕ್ಕಕ್ಕಿಲ್ಲ ಕಣೋ.
ಅದೂ ಹನ್ನೊಂದು ದಿನ ತಡವಾಗಿ."

ಬಸ್ಸು ಹೊರಡಲು ಇನ್ನೂ ಐದು ನಿಮಿಷ.
ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟು
ಈಚೆ ತುದಿಯಲ್ಲಿ ಕೂತು
ಬಾಗಿಲು ನೋಡುತ್ತಿದ್ದೇನೆ.